ಕಿವಿ ಕಳೆದುಕೊಂಡ ನಿರ್ದೇಶಕ

ವಿಲಿಯಂ ವೈಲರ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು 1959ರ ‘ಬೆನ್-ಹರ್’ ಚಿತ್ರದ ರಥಗಳ ಓಟ. ಆದರೆ ಆ ಓಟವನ್ನು ಮುಖ್ಯವಾಗಿ ಚಿತ್ರೀಕರಿಸಿದವರು ಆಂಡ್ರ್ಯೂ ಮಾರ್ಟನ್ ಮತ್ತು ಯಾಕಿಮಾ ಕನೂಟ್! 11 ಆಸ್ಕರ್ ಗಳಿಸಿದ ಚಿತ್ರವೆಂಬುದೇನೋ ನಿಜ. ವೈಲರರ ಸತ್ತ್ವವನ್ನು ಅರಿಯಬೇಕೆಂದರೆ ಮಾತ್ರ ಅದಕ್ಕೂ 13 ವರ್ಷ ಹಿಂದಿನ ಒಂದು ಕಪ್ಪುಬಿಳುಪು ಚಿತ್ರವನ್ನು ನೋಡಬೇಕೆಂದು ನನ್ನ ಭಾವನೆ.

ವೈಲರ್ ಹುಟ್ಟಿದ್ದು 1902ರಲ್ಲಿ, ಅಂದು ಜರ್ಮನಿಗೆ ಸೇರಿದ್ದ, ಇಂದು ಫ್ರಾನ್ಸಿನಲ್ಲಿರುವ ಮುಲೂಸ್ ಪಟ್ಟಣದ ಯಹೂದಿ ಮನೆತನದಲ್ಲಿ. ಯೂನಿವರ್ಸಲ್ ಸಂಸ್ಥೆಯ ಒಡೆಯ ಕಾರ್ಲ್ ಲೆಮ್ಲಿ ತಾಯಿಯ ಕಡೆಯ ಬಂಧು. ಆ ಆಸರೆಯಿಂದ 1920ರಲ್ಲಿ ಅಮೆರಿಕ ಸೇರಿದ ಯುವಕ ಸಣ್ಣಪುಟ್ಟ ಕೆಲಸಗಳಿಂದ ಮೇಲೇರಿ, ಎರಡು ರೀಲಿನ ಕೌಬಾಯ್ ಚಿತ್ರಗಳಲ್ಲಿ ಕೈ ಪಳಗಿಸಿಕೊಂಡ. ಮುಂದೆ ಹೆಸರಾದದ್ದು ಹಠಕ್ಕೆ. ಒಂದೇ ದೃಶ್ಯವನ್ನು ಹತ್ತಾರು ಬಾರಿ ತೆಗೆಸುವುದು, ತಪ್ಪೇನೆಂದು ನಟರಿಗೆ ಬಿಡಿಸಿ ಹೇಳದಿರುವುದು! ನಟರು ಶಪಿಸಿದರು, ಆದರೂ ನಟನೆಗಾಗಿ ಅವರ ಚಿತ್ರಗಳಿಗೆ ಬಂದಷ್ಟು ಆಸ್ಕರ್‌ಗಳು ಬೇರಾವ ನಿರ್ದೇಶಕರ ಚಿತ್ರಗಳಿಗೂ ಬಂದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅವರು ಅಮೆರಿಕದ ವಾಯುಪಡೆ ಸೇರಿದರು. 1943ರಲ್ಲಿ ‘ಮಿಸೆಸ್ ಮಿನಿವರ್’ ಚಿತ್ರಕ್ಕೆ ಆಸ್ಕರ್ ಬಂದಾಗ ಅವರಿದ್ದದ್ದು ಇಂಗ್ಲೆಂಡಿನಲ್ಲಿ. ‘ಮೆಂಫಿಸ್ ಬೆಲ್’ ಎಂಬ ಬಾಂಬರ್ ವಿಮಾನವನ್ನು ಕುರಿತ ಸಾಕ್ಷ್ಯಚಿತ್ರಕ್ಕಾಗಿ, ಕ್ಯಾಮೆರಾ ಹಿಡಿದು ತಾವೇ ಶತ್ರುಪ್ರದೇಶದ ಮೇಲೆ ಹಾರಿದರು. ತಂಡದ ಹೆರಾಲ್ಡ್ ಟ್ಯಾನೆನ್‌ಬಾಮ್ ಇಂತಹ ಒಂದು ಹಾರಾಟದಲ್ಲಿ ಮರಳಲೇ ಇಲ್ಲ. 1945ರಲ್ಲಿ ಇಟಲಿಯ ಮೇಲೆ ಬಿ-25 ವಿಮಾನದಿಂದ ಚಿತ್ರೀಕರಿಸುತ್ತಿದ್ದಾಗ, ಅದರ ಭೀಕರ ಸದ್ದಿಗೆ ವೈಲರರ ಒಂದು ಕಿವಿ ಶಾಶ್ವತವಾಗಿ ಕೆಟ್ಟಿತು. ಮಾತಿನ ಸೂಕ್ಷ್ಮಕ್ಕಾಗಿಯೇ ಮತ್ತೆ ಮತ್ತೆ ತೆಗೆಸುತ್ತಿದ್ದ ಮನುಷ್ಯನಿಗೆ ಇದೆಂತಹ ಆಘಾತವೆಂದು ಊಹಿಸಬಹುದು.

ಮರಳಿ ಬಂದು ಅವರು ಮಾಡಿದ ಮೊದಲ ಕಥಾಚಿತ್ರವೇ 1946ರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’. ಯುದ್ಧ ಮುಗಿಸಿ ಒಂದೇ ಊರಿಗೆ ಮರಳುವ ಮೂವರ ಕಥೆ ಅದು. ಧ್ವನಿಗ್ರಹಣದ ಯಂತ್ರಕ್ಕೆ ಜೋಡಿಸಿದ ಹೆಡ್‌ಫೋನ್ ಧರಿಸಿ, ಸದ್ದು ಹೆಚ್ಚಿಸಿಕೊಂಡು, ವೈಲರ್ ನಟರ ಮಾತು ಕೇಳುತ್ತಿದ್ದರು.

ಎರಡೂ ಕೈ ಕಳೆದುಕೊಂಡ ನಾವಿಕ ಹೋಮರನ ಪಾತ್ರಕ್ಕೆ ಅವರು ಆರಿಸಿದ್ದು ವೃತ್ತಿನಟನನ್ನಲ್ಲ. ಸೈನ್ಯದ ತರಬೇತಿಯಲ್ಲಿ ಸ್ಫೋಟಕ ಸಿಡಿದು ನಿಜವಾಗಿಯೂ ಕೈ ಕಳೆದುಕೊಂಡಿದ್ದ ಹೆರಾಲ್ಡ್ ರಸೆಲ್‌ನನ್ನು. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಆತನನ್ನು ಅಭಿನಯದ ಪಾಠಕ್ಕೆ ಕಳುಹಿಸಿದ್ದು ತಿಳಿದು ವೈಲರ್ ಸಿಟ್ಟಾದರಂತೆ! ಹೋಮರ್ ತಾನು ಪ್ರೀತಿಸಿದ ವಿಲ್ಮಾಳನ್ನು ತನ್ನ ಕೋಣೆಗೆ ಕರೆದು, ಉಕ್ಕಿನ ಕೊಕ್ಕೆಗಳನ್ನು ಕಳಚಿ, ತಾನೆಷ್ಟು ಅಸಹಾಯಕನೆಂದು ತೋರಿಸುವ ದೃಶ್ಯವಿದೆ. ಆಕೆ ಮಾತು ಬೆಳೆಸದೆ ಅವನ ಅಂಗಿಯ ಗುಂಡಿ ಹಾಕುತ್ತಾಳೆ, ಹೊದಿಕೆ ಹೊದಿಸುತ್ತಾಳೆ. ಅಲ್ಲಿ ಕನಿಕರವನ್ನು ಬೇಡುವ ಒಂದು ಭಂಗಿಯೂ ಇಲ್ಲ. ಕಿವಿ ಕಳೆದುಕೊಳ್ಳದ ವೈಲರರಿಂದ ಈ ಸಂಯಮ ಸಾಧ್ಯವಾಗುತ್ತಿತ್ತೇ? ನನಗೆ ಅನುಮಾನ.

ರಸೆಲ್‌ಗೆ ಪೋಷಕ ನಟನ ಆಸ್ಕರ್ ಸಿಗಲಾರದೆಂದು ಎಣಿಸಿದ ಅಕಾಡೆಮಿ ಗೌರವ ಪ್ರಶಸ್ತಿಯೊಂದನ್ನು ಮೊದಲೇ ಗೊತ್ತುಮಾಡಿತ್ತು. ಕೊನೆಗೆ ಒಂದೇ ಪಾತ್ರಕ್ಕೆ ಎರಡೂ ಬಂದವು. ಆದರೂ ಕೈಗಳಿಲ್ಲದವನಿಗೆ ಚಿತ್ರರಂಗದಲ್ಲಿ ಹೆಚ್ಚು ಪಾತ್ರಗಳು ಸಿಗಲಾರವು, ಕಾಲೇಜಿಗೆ ಮರಳಿ ಓದು ಎಂದು ವೈಲರರೇ ಆತನಿಗೆ ಬುದ್ಧಿ ಹೇಳಿದರು. ರಸೆಲ್ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಪಡೆದ.