ಅಂಗಳದ ಒಲೆ, ಭರಣಿಯ ಬೆರಟಿ

ಹಸಿದು ಹಲಸು, ಉಂಡು ಮಾವು ಎಂಬ ಗಾದೆಯನ್ನು ಪಥ್ಯದ ಸೂತ್ರವೆಂದು ತಿಳಿದವರೇ ಹೆಚ್ಚು. ಕುಮಾರಧಾರೆಯ ಆಸುಪಾಸಿನ ಹಳ್ಳಿಗಳಲ್ಲಿ ಬೆಳೆದವರಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ. ಅಲ್ಲಿ ಹಸಿವೆಂಬುದು ಊಟಕ್ಕೆ ಮುಂಚಿನ ಒಂದು ಗಳಿಗೆಯಾಗಿರಲಿಲ್ಲ. ಪಂಚಾಂಗದಲ್ಲಿ ಬರುವ ಒಂದು ತಿಂಗಳಾಗಿತ್ತು. ತುಳುವರು ಅದನ್ನು ಆಟಿ ಎನ್ನುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಬಿಡುವಿಲ್ಲದೆ ಹೊಯ್ಯುವ ಕಾಲ. ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ, ಕೆಲಸವಿರುವುದಿಲ್ಲ, ಪತ್ತಾಯದಲ್ಲಿ ಅಕ್ಕಿ ತಳ ಕಂಡಿರುತ್ತದೆ. ಆ ತಿಂಗಳನ್ನು ದಾಟುವುದಕ್ಕಾಗಿ ಬೇಸಗೆಯ ಕೊನೆಯಲ್ಲಿ ಅಂಗಳದಲ್ಲಿ ಒಲೆ ಹೂಡಿ ಕಾಯಿಸುತ್ತಿದ್ದ ಒಂದು ಸಿಹಿಯ ವಿಷಯವನ್ನು ಇಂದು ಹೇಳಬೇಕೆಂದಿದ್ದೇನೆ.

ನನ್ನ ಊರು ಪೆರಾಬೆ. ಇಂದು ಕಡಬ ತಾಲೂಕಿಗೆ ಸೇರಿದೆ. ನಮ್ಮ ಬಾಲ್ಯದಲ್ಲಿ ಪುತ್ತೂರು ತಾಲೂಕಿನಲ್ಲಿತ್ತು. ಆ ಸಿಹಿಗೆ ಅಲ್ಲಿನ ಹೆಸರು ಬೆರಟಿ. ಹಲಸಿನ ಹಣ್ಣಿನ ತಿರುಳನ್ನು ನೀರಿನ ಅಂಶ ಆರುವವರೆಗೂ ಕಾಯಿಸಿ, ಬೆಲ್ಲ ಬೆರೆಸಿ, ಮತ್ತೆ ಗಟ್ಟಿಯಾಗುವಂತೆ ಕಾಯಿಸಿದರೆ ಬೆರಟಿ. ಮಲೆಯಾಳದಲ್ಲಿ ಇದೇ ಪಾಕವನ್ನು ‘ಚಕ್ಕ ವರಟ್ಟಿಯದು’ ಎನ್ನುತ್ತಾರೆ. ವರಟ್ಟುವುದೆಂದರೆ ಕಾಯಿಸಿ ನೀರಾರಿಸುವುದು. ಅತ್ತಲಿನ ವಕಾರಕ್ಕೆ ಇತ್ತ ಬಕಾರ ಬರುವುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದಲ್ಲ. ತಮಿಳರ ‘ವಾ’ ನಮಗೆ ‘ಬಾ’. ಆದುದರಿಂದ ನಮ್ಮ ಬೆರಟಿ ಆ ವರಟ್ಟಿಯ ದಾಯಾದಿಯೇ ಎಂದು ನನ್ನ ಎಣಿಕೆ. ಹಲಸಿನ ಹೆಸರೂ ಹೀಗೆಯೇ ಹಳೆಯದು. ಹಳಗನ್ನಡದ ‘ಪಲಸು’ ನಮ್ಮ ಬಾಯಲ್ಲಿ ‘ಹಲಸು’ ಆಯಿತು. ತುಳು ಮಾತ್ರ ‘ಪೆಲ’ ಎಂದು ಆ ಪಕಾರವನ್ನು ಇಂದಿಗೂ ಉಳಿಸಿಕೊಂಡಿದೆ.

ಅಡುಗೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅರಮನೆಯಿಂದ ಆರಂಭಿಸುತ್ತಾರೆ. ಹನ್ನೆರಡನೆಯ ಶತಮಾನದ ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ವುಂಟು, ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ವುಂಟು. ಇಬ್ಬರೂ ಪ್ರಭುಗಳು. ಅವರ ಪಾಕಗಳು ಭೋಗದ ಪಾಕಗಳು. ಉಗ್ರಾಣ ಬರಿದಾಗುವ ಭಯ ಅವರ ಪುಟಗಳಲ್ಲಿ ಕಾಣುವುದಿಲ್ಲ. ಆ ಸುಳಿವು ನನಗೆ ಸಿಕ್ಕಿದ್ದು ಪರದೇಶಿಯೊಬ್ಬನ ಗ್ರಂಥದಲ್ಲಿ.

ಮೊರಾಕೋ ದೇಶದ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಕರಾವಳಿಯಲ್ಲಿ ಸಂಚರಿಸಿದವನು. ಮಂಗಳೂರನ್ನು ಮಂಜರೂರು ಎಂದು ಹೆಸರಿಸಿದ್ದಾನೆ. ಊರಿಗೆ ಮರಳಿ ಹೇಳಿ ಬರೆಯಿಸಿದ ಪ್ರವಾಸಕಥನ 1355ರಲ್ಲಿ ಮುಗಿಯಿತು. ಅದರಲ್ಲಿ ಹಿಂದೂಸ್ಥಾನದ ಹಣ್ಣುಗಳನ್ನು ವರ್ಣಿಸುವಾಗ ಹಲಸಿನಲ್ಲಿ ‘ಶಕಿ’, ‘ಬರ್ಕಿ’ ಎಂದು ಎರಡು ಬಗೆ ಹೇಳುತ್ತಾನೆ. ನೆಲಕ್ಕೆ ಹತ್ತಿರ ಬಿಟ್ಟದ್ದು ಬರ್ಕಿ, ಅದೇ ಹೆಚ್ಚು ಸಿಹಿ, ಮೇಲಿನದು ಶಕಿ. ಪುತ್ತೂರಿನ ಕಡೆಯ ಯಾವ ಮಗುವನ್ನು ಕೇಳಿದರೂ ಹಲಸಿನಲ್ಲಿ ಬರಿಕ್ಕೆ, ತುಳುವ ಎಂದು ಎರಡು ಜಾತಿ ಎನ್ನುತ್ತದೆ. ತೊಳೆ ಗಟ್ಟಿಯಾದದ್ದು ಬರಿಕ್ಕೆ, ಮೆತ್ತಗಿನದು ತುಳುವ. ಪಾಪ, ಪ್ರವಾಸಿ ಜಾತಿಭೇದವನ್ನು ಕೊಂಬೆಯ ಎತ್ತರದ ಭೇದವೆಂದು ತಿಳಿದುಕೊಂಡ. ಆದರೆ ಹೆಸರನ್ನು ಸರಿಯಾಗಿ ಕೇಳಿಸಿಕೊಂಡಿದ್ದಾನೆ. ಅದಕ್ಕಿಂತ ಮುಖ್ಯವಾದ ಮಾತು ಮುಂದಿದೆ. ಹಣ್ಣಿನ ಬೀಜವನ್ನು ಸುಟ್ಟು ಅಥವಾ ಬೇಯಿಸಿ ತಿನ್ನುತ್ತಾರೆ, ಕೆಮ್ಮಣ್ಣಿನಲ್ಲಿ ಇಟ್ಟರೆ ಅದು ಮರುವರ್ಷದವರೆಗೂ ಉಳಿಯುತ್ತದೆ ಎಂದು ಅವನು ಬರೆದಿದ್ದಾನೆ. ನಮ್ಮ ಅಜ್ಜಿಯೂ ಬೀಜಕ್ಕೆ ಕೆಮ್ಮಣ್ಣು ಸವರಿ ಅಟ್ಟದ ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು. ಇಬ್ನ್ ಬತೂತನ ಹೆಸರನ್ನು ಅವರು ಕೇಳಿದವರಲ್ಲ.

ಇನ್ನು ಒಲೆಯ ಬಳಿಗೆ ಬರೋಣ. ಬೇಶದ ಕೊನೆ, ಮಳೆ ಇಂದೋ ನಾಳೆಯೋ ಎನ್ನುವ ದಿನಗಳು. ಹಣ್ಣು ಒಮ್ಮೆಗೇ ಕಳಿತು ಬೀಳುವ ಕಾಲವದು. ಮಳೆನೀರು ಕುಡಿದರೆ ರುಚಿ ಸಪ್ಪೆ. ಅಡುಗೆಮನೆಯ ಒಲೆಗೆ ದೊಡ್ಡ ಉರುಳಿ ಹಿಡಿಸುವುದಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಕೊತ್ತಳಿಗೆ, ತೆಂಗಿನ ಸಿಪ್ಪೆ ಒಟ್ಟಿ, ಸಂಜೆಗೆ ಬೆಂಕಿ ಹಾಕುವುದು. ಹಗಲೆಲ್ಲ ಕೈಗೆ ಎಣ್ಣೆ ಸವರಿಕೊಂಡು ಮೇಣದೊಡನೆ ಸೆಣಸಿ ತೊಳೆ ಬಿಡಿಸಿದ ಹೆಂಗಸರು ರಾತ್ರಿ ಕಲಕುವ ಕೆಲಸವನ್ನು ಮನೆಗೆಲ್ಲ ಹಂಚುತ್ತಿದ್ದರು. ಒಳಗಿನ ಒಲೆಯ ಕಡೆ ತಲೆ ಹಾಕದ ದೊಡ್ಡಪ್ಪನೂ ಅಂಗಳದ ಒಲೆಗೆ ಬರುತ್ತಿದ್ದರು. ಉದ್ದ ಹಿಡಿಯ ಮರದ ಸಟ್ಟುಗ ಕೈಯಿಂದ ಕೈಗೆ ಹೋಗುತ್ತಿತ್ತು. ಕೈ ನಿಂತರೆ ತಳ ಹಿಡಿಯುತ್ತದೆ; ಹತ್ತಿರ ನಿಂತರೆ ಕುದಿಯುವ ಹಣ್ಣು ಸಿಡಿದು ಬೊಬ್ಬೆ ಏಳುತ್ತದೆ. ಮಕ್ಕಳಾದ ನಾವು ಕೆಂಡದಲ್ಲಿ ಹಲಸಿನ ಬೀಜ ಸುಡುತ್ತ, ಸಟ್ಟುಗ ನೆಕ್ಕುವ ಸರದಿಗಾಗಿ ಜಗಳವಾಡುತ್ತ ಎಚ್ಚರವಿರುತ್ತಿದ್ದೆವು. ಪಾಕ ಉರುಳಿಯ ಬದಿ ಬಿಟ್ಟು ಒಂದೇ ಮುದ್ದೆಯಾಗಿ ತಿರುಗಿದಾಗ ಬೆಂಕಿ ಎಳೆಯುವುದು. ಆರಿದ ಮೇಲೆ ಭರಣಿಗೆ ತುಂಬಿ ಬಾಯಿ ಕಟ್ಟುವುದು.

ಆಟಿಯ ಮಳೆಯಲ್ಲಿ ಆ ಭರಣಿಯಿಂದ ಒಂದು ಹಿಡಿ ತೆಗೆದು ತೆಂಗಿನ ಹಾಲಿನಲ್ಲಿ ಕದಡಿ ಕುದಿ ಬರಿಸಿದರೆ ಪಾಯಸ. ಕಾಲು ಗಂಟೆಯ ಕೆಲಸ. ನೆಂಟರು ‘ಇಷ್ಟು ಸುಲಭವೇ’ ಎಂದರೆ ಅಮ್ಮ ನಗುತ್ತಿದ್ದರು.

ಆದರೆ ಒಂದು ಮಾತನ್ನು ಮರೆಮಾಚಬಾರದು. ಹಲಸು ತೋಟದಲ್ಲಿ ಪುಕ್ಕಟೆ; ಬೆಲ್ಲಕ್ಕೆ ದುಡ್ಡು ಬೇಕು, ಉರುಳಿಗೆ ಹೆಚ್ಚು ದುಡ್ಡು ಬೇಕು. ಆದುದರಿಂದ ಬೆರಟಿ ಬೆಲ್ಲವಿದ್ದವರ ಮನೆಯ ಸಿಹಿ. ಮರ ಹತ್ತಿ ಹಣ್ಣಿಳಿಸಿದ ಒಕ್ಕಲಿನವನಿಗೂ ಹೊತ್ತು ತಂದ ಅವನ ಹೆಂಡತಿಗೂ ಪಾಲೆಂದು ಸಿಗುತ್ತಿದ್ದದ್ದು ಬುಟ್ಟಿ ತುಂಬ ಬೀಜ, ಬಾಳೆಲೆಯ ಚೂರಿನಲ್ಲಿ ಒಂದು ಮುದ್ದೆ ಬೆರಟಿ. ಅದನ್ನು ಅವರು ಬೆಂಕಿಯ ಬೆಳಕು ಮುಗಿಯುವಲ್ಲಿ, ಅಂಗಳದ ಹೊರಗೆ ನಿಂತು ತೆಗೆದುಕೊಳ್ಳುತ್ತಿದ್ದರು. ಅದೇಕೆ ಎಂದು ನಾನು ಆಗ ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಚಾಲಗೇಣಿಯ ಒಕ್ಕಲುಗಳು ಉಳುವ ನೆಲದ ಒಡೆಯರಾಗುವ ದಾರಿ ತೆರೆಯಿತು. ನಮ್ಮ ಮನೆಯಲ್ಲಿ ಆ ದಿನಗಳು ಬಹಳ ಬಿಸಿಯಾಗಿಯೇ ಕಳೆದವು. ಅದು ಬೇರೆ ಕಥೆ. ನಾಲ್ಕೈದು ವರ್ಷಗಳ ಮೇಲೆ, ಒಂದು ಬೇಶದ ಬೆಳಿಗ್ಗೆ, ಆ ಹೆಂಗಸು ಬಂದು ಜಗಲಿಯ ಕೆಳಗೆ ನಿಂತು, “ಅಮ್ಮಾ, ದೊಡ್ಡ ಉರುಳಿ ಒಂದು ರಾತ್ರಿಗೆ ಬೇಕಿತ್ತು” ಎಂದಳು. ದೊಡ್ಡಪ್ಪ ಮುಖ ತಿರುಗಿಸಿದರು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, ಅಟ್ಟದಿಂದ ಉರುಳಿ ಇಳಿಸುವಂತೆ ನನಗೆ ಹೇಳಿದರು. ಅಂದು ರಾತ್ರಿ ಗದ್ದೆಯ ಆಚೆ ದಡದಲ್ಲಿ ಬೆಂಕಿ ಉರಿಯುವುದು ನಮ್ಮ ಜಗಲಿಗೆ ಕಾಣುತ್ತಿತ್ತು. ಕಾಯುವ ಹಣ್ಣಿನ ಪರಿಮಳವೂ ಗಾಳಿಯಲ್ಲಿ ಬಂತು. ಯಾರೂ ಏನೂ ಮಾತಾಡಲಿಲ್ಲ.

ಮರುದಿನ ಉರುಳಿ ಹಿಂದಿರುಗಿತು. ತಿಕ್ಕಿ ತೊಳೆದು ಹೊಳೆಯುತ್ತಿತ್ತು. ಒಳಗೆ ಬಾಳೆಲೆ ಮುಚ್ಚಿದ ಒಂದು ಮುದ್ದೆ ಬೆರಟಿಯಿತ್ತು. ಅಜ್ಜಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. “ಬೆಲ್ಲ ಸ್ವಲ್ಪ ಕಡಿಮೆ,” ಎಂದರು. “ಆದರೆ ಕೈಬಿಡದೆ ಕಲಕಿದ್ದಾರೆ.” ಉಳಿದುದನ್ನು ನಮ್ಮ ಭರಣಿಗೇ ತುಂಬಿಸಿದರು.