ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದವರು ಯಾರು?

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಂಬೂರದಂಥ ಊರುಗಳಲ್ಲಿ ಮಗು ಲೆಕ್ಕದಲ್ಲೋ ಬರವಣಿಗೆಯಲ್ಲೋ ಹಿಂದೆ ಬಿದ್ದರೆ ದೂರು ಮೊದಲು ಮನೆಯ ಮೇಲೆ ಬರುತ್ತದೆ. ತಾಯಿತಂದೆ ಓದಿಲ್ಲ, ಸಂಜೆ ಕೂರಿಸಿಕೊಂಡು ಬರೆಸುವವರಿಲ್ಲ, ಅದಕ್ಕೇ ಹೀಗೆ ಎಂದು ಮಾತು ಮುಗಿಯುತ್ತದೆ. ಓದಿದ ಪಾಲಕರು ಮನೆಯಲ್ಲಿ ಪಾಠ ಮಾಡಿಸುವುದು ಹಿಂದಿನಿಂದ ನಡೆದುಬಂದ ಪದ್ಧತಿ ಎಂಬ ನಂಬಿಕೆ ಈ ದೂರಿನ ಬೆನ್ನಿಗಿದೆ. ಕನ್ನಡ ನಾಡಿನ ಹಳೆಯ ಶಾಲೆಗಳ ದಾಖಲೆ ಹೇಳುವುದೇ ಬೇರೆ. ಅಕ್ಷರ ತಿದ್ದಿಸುವುದು, ಮಗ್ಗಿ ಒಪ್ಪಿಸಿಕೊಳ್ಳುವುದು ಶಾಲೆಯೊಳಗಿನ ಕೆಲಸವಾಗಿತ್ತು. ಕಲಿತದ್ದನ್ನು ಬಳಸುವ ಸಂದರ್ಭವನ್ನಷ್ಟೇ ಮನೆ ಒದಗಿಸುತ್ತಿತ್ತು.

ಇದಕ್ಕೆ ಗಟ್ಟಿ ಸಾಕ್ಷಿ ತುಂಗಭದ್ರೆಯ ಆಚೆ ದಂಡೆಯಲ್ಲಿದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಶಾಲೆಗಳ ಮಾಹಿತಿ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮರುವರ್ಷ ವಿಸ್ತಾರವಾದ ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಆ ಶಾಲೆಗಳಲ್ಲಿ 235 ಕನ್ನಡದವು. ಧಾರವಾಡ ಆಗ ಮುಂಬಯಿ ಆಡಳಿತಕ್ಕೆ ಸೇರಿತ್ತು ನಿಜ, ಆದರೆ ಭಾಷೆ ಒಂದೇ, ಐಗಳ ಮಠದ, ಎಂದರೆ ಊರ ಶಾಲೆಯ, ರೀತಿಯೂ ಬಹುಮಟ್ಟಿಗೆ ಒಂದೇ. ಮಕ್ಕಳು ಬೆಳಗಿನ ಆರಕ್ಕೆಲ್ಲ ಬರಬೇಕು. ಉಣ್ಣಲು ಮನೆಗೆ ಹೋಗಿ ಮತ್ತೆ ಬರಬೇಕು. ಓದು, ಬರವಣಿಗೆ ಎರಡೂ ಅಲ್ಲೇ. ಮೊದಲು ಮರಳಿನಲ್ಲಿ ಬೆರಳಾಡಿಸಿ ಅಕ್ಷರ, ಆಮೇಲೆ ಹಲಗೆ ಅಥವಾ ಕಡತ. ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆ; ಅದರ ಮೇಲೆ ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯುವುದು. ಚಿಕ್ಕವರ ಹೊಣೆ ಬಹಳಷ್ಟು ದೊಡ್ಡ ಹುಡುಗರದು. ಈ ಏರ್ಪಾಟನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳಿ, ಇಂಗ್ಲೆಂಡು ಇದನ್ನು ಅನುಸರಿಸಿದ್ದು ತಕ್ಕದ್ದೇ ಎಂದಿದ್ದಾನೆ. ಮದ್ರಾಸಿನಲ್ಲಿದ್ದ ಪಾದ್ರಿ ಆಂಡ್ರ್ಯೂ ಬೆಲ್ ಅದನ್ನು ಅಲ್ಲಿಗೆ ಒಯ್ದಿದ್ದ. ಇಂಥ ದಿನಚರಿಯಲ್ಲಿ ಮನೆಗೆ ಕಟ್ಟಿ ಕಳಿಸಲು ಪಾಠವೇ ಉಳಿಯುತ್ತಿರಲಿಲ್ಲ.

ಹಾಗಾದರೆ ಮನೆಯ ಪಾಲು ಏನೂ ಇರಲಿಲ್ಲವೆ? ಇತ್ತು, ಅದೂ ದೊಡ್ಡದು. ರೂಪಾಯಿಗೆ 16 ಆಣೆ, ಸೇರಿಗೆ 16 ಚಟಾಕು ಇದ್ದ ಕಾಲದಲ್ಲಿ ಪಾವು, ಅರ್ಧ, ಮುಕ್ಕಾಲು, ಸವ್ವಾ (ಒಂದೂಕಾಲು), ದೀಡ (ಒಂದೂವರೆ), ಅಡಿಚ (ಎರಡೂವರೆ) ಎಂಬ ಮಗ್ಗಿಗಳು ಸಂತೆಯಲ್ಲಿ, ಅಡಿಗೆಮನೆಯಲ್ಲಿ, ಕಣದಲ್ಲಿ ದಿನವೂ ಬೇಕಾಗುತ್ತಿದ್ದವು. ಓದು ಬಾರದ ತಾಯಿಗೂ ದೀಡ ಸೇರಿನ ಬೆಲೆ ಗೊತ್ತಿತ್ತು. ಮಗ ತಪ್ಪಿದರೆ ಅಲ್ಲೇ ತಿದ್ದುತ್ತಿದ್ದಳು. 1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯೇ ಪೈಸೆಯಾಯಿತು, 1962ರ ಹೊತ್ತಿಗೆ ಕಿಲೋ, ಗ್ರಾಮ್ ಕಡ್ಡಾಯವಾದವು. ಸುಧಾರಣೆ ಒಳ್ಳೆಯದೇ, ವ್ಯಾಪಾರದ ಲೆಕ್ಕ ಹಗುರಾಯಿತು. ಆದರೆ ಭಿನ್ನರಾಶಿ ಮನೆಯ ಬಾಯಿಂದ ಜಾರಿ ಪುಸ್ತಕದಲ್ಲಷ್ಟೇ ಉಳಿಯಿತು, ಮಗುವನ್ನು ತಿದ್ದುವ ಶಕ್ತಿಯೂ ಆ ತಾಯಿಯ ಕೈಬಿಟ್ಟಿತು.

ಆ ಹಳೆಯ ಶಾಲೆಯ ಕಲಿಕೆಯೆಲ್ಲ ಬರೀ ಗಿಳಿಪಾಠ, ಅದನ್ನೇಕೆ ಹೊಗಳಬೇಕು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಕ್ಯಾಂಪ್‌ಬೆಲ್ಲನ ದೂರೂ ಅದೇ: ಮಕ್ಕಳು ಕಂಠಪಾಠ ಮಾಡುವ ಪದ್ಯಗಳ ಭಾಷೆ ಆಡುಮಾತಿನಿಂದ ಬಲು ದೂರ, ಅರ್ಥ ಎಷ್ಟೋ ಸಲ ಕಲಿಸುವವರಿಗೂ ತಿಳಿಯದು. ಆದರೆ ಈ ದೂರು ಪದ್ಯಕ್ಕೆ ತಗಲುವಷ್ಟು ಮಗ್ಗಿಗೆ ತಗಲುವುದಿಲ್ಲ. ಮಗ್ಗಿಯನ್ನು ಸಂತೆ ಪರೀಕ್ಷಿಸುತ್ತಿತ್ತು. ಪದ್ಯದ ವ್ಯಾಕರಣವನ್ನು ಪರೀಕ್ಷಿಸುವ ಜಾಗ ಮನೆಯ ಸುತ್ತ ಎಲ್ಲೂ ಇರಲಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಧಾರವಾಡ ಭಾಗದಲ್ಲಿ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಮರಾಠಿ ಹಿಂದೆ ಸರಿದು ಕನ್ನಡ ಶಾಲೆಗಳು ಬೆಳೆದವು. ಆಗಲೂ ಪುಸ್ತಕದ ಕನ್ನಡಕ್ಕೂ ಹೊಲಮನೆಯ ಕನ್ನಡಕ್ಕೂ ನಡುವಿನ ಅಂತರ ಹೋಗಲಿಲ್ಲ. ಇಂದಿಗೂ ‘ಅವ ಹೋಗ್ಯಾನ’ ಎಂದು ಬರೆದ ಮಗುವಿಗೆ ಕೆಂಪು ಗೆರೆ ಬೀಳುತ್ತದೆ. ಆ ಮಗುವಿನ ಕ್ರಿಯಾಪದದಲ್ಲಿ ಲಿಂಗ, ವಚನ, ಕಾಲ ಎಲ್ಲ ಕ್ರಮವಾಗಿಯೇ ಇವೆ. ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕೆಲಸ ಶಿಕ್ಷಕರದು, ತಾಯಿಯದಲ್ಲ.

ಇನ್ನೂ ಭಾರವಾದ ಆಕ್ಷೇಪವೊಂದಿದೆ. ಬಳ್ಳಾರಿಯ ಆ 6,641 ಮಕ್ಕಳಲ್ಲಿ ಹುಡುಗಿಯರು 60 ಮಾತ್ರ. 1856ರ ಜೂನ್‌ನಲ್ಲಿ ಧಾರವಾಡದ ಸರಕಾರಿ ಶಾಲೆ ಮಹಾರ್ ಹುಡುಗನೊಬ್ಬನನ್ನು ಜಾತಿಯ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಅವನು ಅರ್ಜಿ ಹಾಕಿದರೂ ಮುಂಬಯಿ ಸರಕಾರ ಶಾಲೆಯ ಪರ ನಿಂತಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಕಂಪನಿಯ ನಿರ್ದೇಶಕರು ಸ್ಪಷ್ಟಪಡಿಸಿದ್ದು 1858ರಲ್ಲಿ. ಅಂಥ ಕಾಲವನ್ನು ಹಂಬಲಿಸುವುದು ಸಲ್ಲದು, ಒಪ್ಪುತ್ತೇನೆ. ಆದರೆ ಇದೇ ಘಟನೆ ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹುಟ್ಟಿದ ಮನೆ ಮಗುವಿನ ಕಲಿಕೆಯನ್ನು ತೀರ್ಮಾನಿಸಬಾರದು ಎಂಬುದಕ್ಕೇ ಆ ಹುಡುಗ ಬಾಗಿಲು ತಟ್ಟಿದ್ದು. ಕಲಿಸುವ ಕೆಲಸವನ್ನೇ ಮನೆಗೆ ಹೊರಿಸಿದರೆ, ತಲೆಮಾರುಗಳಿಂದ ಓದಿದ ಮನೆಯ ಮಗು ಮುಂದೆ, ಮೊದಲ ಸಲ ಪಾಟಿ ಹಿಡಿದ ಮನೆಯ ಮಗು ಹಿಂದೆ. ಹಾಗಾಗಬಾರದೆಂದರೆ, ಹಳೆಯ ಶಾಲೆಗಳ ಹಾಗೆ ಏಳನೆಯ ಇಯತ್ತೆಯವರು ಮೂರನೆಯವರ ಮಗ್ಗಿ ಒಪ್ಪಿಸಿಕೊಳ್ಳಲು ಶಾಲೆಯ ವೇಳೆಯಲ್ಲೇ ಅರ್ಧ ತಾಸು ಮೀಸಲಿಡಬಹುದು. ತಂಬೂರದ ತಾಯಿ ಡೇರಿಗೆ ಹಾಕಿದ ಹಾಲಿನ ಲೆಕ್ಕವನ್ನು ಮಗಳಿಂದ ಗಟ್ಟಿಯಾಗಿ ಓದಿಸಿ, ಕೂಡಿಸಿಕೊಂಡು ಕೇಳಬಲ್ಲಳು. ಅದಕ್ಕೆ ಅವಳು ಅಕ್ಷರ ಬಲ್ಲವಳಾಗಿರಬೇಕಿಲ್ಲ.