ಬಣ್ಣವಿಲ್ಲ, ವಾಸನೆಯಿಲ್ಲ

ಎಂಟನೆಯ ತರಗತಿಯಲ್ಲಿ ಆಮ್ಲಜನಕದ ಪಾಠ ಬಂದಾಗಲೆಲ್ಲ ನಾನು ಪೊಟಾಸಿಯಂ ಪರ್ಮಾಂಗನೇಟನ್ನು ಪ್ರನಾಳದಲ್ಲಿ ಕಾಯಿಸಿ, ಊದುಬತ್ತಿಯ ಕೆಂಡವನ್ನು ಅದರ ಬಾಯಿಗೆ ಹಿಡಿಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೆಂಡ ಭಗ್ಗನೆ ಹೊತ್ತಿಕೊಂಡಾಗ ಹಿಂದಿನ ಬೆಂಚಿನ ಮಹಾಶಯರೂ ಎದ್ದು ನಿಲ್ಲುತ್ತಿದ್ದರು. ಅನಂತರ 'ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ' ಎಂದು ಒಕ್ಕೊರಲಿನಿಂದ ಹೇಳಿಸುತ್ತಿದ್ದೆ. ಆ ಮೂರು 'ಇಲ್ಲ'ಗಳಲ್ಲಿ ಎಂಥ ಅಪಾಯ ಅಡಗಿದೆಯೆಂಬುದು ನನಗೆ ತಿಳಿದದ್ದು ಮಾತ್ರ ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, ನನ್ನ ಮನೆಯಾಕೆ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದಾಗ.

ಮೂರನೆಯ ದಿನ ರಾತ್ರಿ ಮಂಚದ ಪಕ್ಕದ ಸಿಲಿಂಡರ್ ಬದಲಿಸಲು ಬಂದ ಹುಡುಗನಿಗೆ ತಿರುಪು ಬಿಗಿಯಾಗಿತ್ತು. ಆತ ಕಿಟಕಿಯ ಮೇಲಿದ್ದ ನಮ್ಮದೇ ಕೊಬ್ಬರಿ ಎಣ್ಣೆಯ ಶೀಸೆಗೆ ಕೈ ಹಾಕಿದ. ನಾನೇ ಮುಚ್ಚಳ ತೆಗೆದುಕೊಟ್ಟೆ! ಅಷ್ಟರಲ್ಲಿ ಬಾಗಿಲಿನಿಂದ, 'ಬೇಡ, ಎಣ್ಣೆ ಮುಟ್ಟಿಸಬೇಡ!' ಎಂಬ ಕೂಗು ಕೇಳಿಸಿತು. ಕೂಗಿದವನು ನನ್ನ ಹಳೆಯ ಶಿಷ್ಯ. ಅಲ್ಲಿಯೇ ಅನಿಲ ವಿಭಾಗದ ಮೇಲ್ವಿಚಾರಕ. 'ಮೇಷ್ಟ್ರೇ, ಕೆಂಡ ಹೊತ್ತಿಸಿ ತೋರಿಸಿದವರು ನೀವೇ ಅಲ್ಲವೆ? ಇಷ್ಟು ಒತ್ತಡದ ಆಮ್ಲಜನಕಕ್ಕೆ ಎಣ್ಣೆ ಸಿಕ್ಕರೆ ಹೊತ್ತಿಕೊಳ್ಳಲು ಕೆಂಡವೇ ಬೇಕಿಲ್ಲ' ಎಂದ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು ಶೀಸೆಯನ್ನು ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದೆ. ಆ ನಾಚಿಕೆಯೇ ಮುಂದೆ ನನ್ನನ್ನು ಈ ವಿಷಯದ ಚರಿತ್ರೆಯನ್ನು ಓದಲು ಹಚ್ಚಿತು.

ಪ್ರೀಸ್ಟ್ಲಿ 1774ರಲ್ಲಿ ಈ ಅನಿಲವನ್ನು ಬೇರ್ಪಡಿಸಿದ ಕಥೆಯನ್ನು ನೀವು ಬಲ್ಲಿರಿ; ಷೀಲೆ ಅವನಿಗಿಂತ ಮೊದಲೇ ಕಂಡುಕೊಂಡಿದ್ದನೆಂಬುದನ್ನೂ ಹೇಳಿದ್ದೇನೆ. ಆದರೆ ಅದು ಆಸ್ಪತ್ರೆಯ ನಿತ್ಯದ ವಸ್ತುವಾಗಲು ಗಾಳಿಯನ್ನು ದ್ರವವಾಗಿಸುವ ವಿದ್ಯೆ ಬೇಕಾಯಿತು. ಜರ್ಮನಿಯ ಲಿಂಡೆ 1895ರಲ್ಲಿ ಅದನ್ನು ಸಾಧಿಸಿದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲಕ್ಕೆ ತುತ್ತಾದ ಸೈನಿಕರಿಗೆ ಆಮ್ಲಜನಕವನ್ನು ಅಳತೆಯಿಂದ ಕೊಡುವ ಕ್ರಮವನ್ನು ಹಾಲ್ಡೇನ್ 1917ರಲ್ಲಿ ವಿವರಿಸಿದ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಆಮ್ಲಜನಕದ ಪಕ್ಕದಲ್ಲೇ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ನಿಂತಿರುತ್ತದೆ. ಅದಕ್ಕೂ ಬಣ್ಣವಿಲ್ಲ, ಇರುವ ವಾಸನೆಯೂ ತೀರ ನವಿರು. ಒಂದರ ಬದಲು ಇನ್ನೊಂದು ಹರಿದರೆ, ಪ್ರಜ್ಞೆ ತಪ್ಪಿಸಿ ಮಲಗಿಸಿದ ರೋಗಿ ಬಾಯಿಬಿಟ್ಟು ಹೇಳಲಾರ. ಸಿಲಿಂಡರಿನ ಬಣ್ಣವನ್ನೇ ನಂಬೋಣವೆಂದರೆ ಅದು ದೇಶದಿಂದ ದೇಶಕ್ಕೆ ಬೇರೆ: ನಮ್ಮಲ್ಲಿ ಆಮ್ಲಜನಕಕ್ಕೆ ಕಪ್ಪು ಮೈ, ಬಿಳಿ ಹೆಗಲು, ಅಮೆರಿಕದಲ್ಲಿ ಹಸಿರು. ಆದ್ದರಿಂದ 1952ರಲ್ಲಿ ಪಿನ್ ಇಂಡೆಕ್ಸ್ ಎಂಬ ಉಪಾಯ ಬಂದಿತು. ಕವಾಟದ ಮುಖದಲ್ಲಿ ಎರಡು ರಂಧ್ರ, ಅದನ್ನು ಹಿಡಿಯುವ ನೊಗದಲ್ಲಿ ಎರಡು ಮೊಳೆ. ಆಮ್ಲಜನಕಕ್ಕೆ 2 ಮತ್ತು 5ನೆಯ ಸ್ಥಾನ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ಬೀಗಕ್ಕೆ ತಕ್ಕ ಕೀಲಿಯಂತೆ. ತಪ್ಪು ಸಿಲಿಂಡರ್ ಕೂರುವುದೇ ಇಲ್ಲ. ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ, ಓದು ಬಾರದವನ ಕೈಯಲ್ಲೂ ಅದು ಸರಿಯಾಗಿಯೇ ಕೆಲಸ ಮಾಡಬೇಕು. ಇದಕ್ಕಿಂತ ಜಾಣತನದ ಸರಳ ಉಪಕರಣವನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಆದರೆ ಬೀಗ ಬಾಗಿಲಿಗೆ ಮಾತ್ರ. ಗೋಡೆಯ ಹಿಂದೆ ಏನಾಗಿದೆಯೆಂಬುದು ಅದಕ್ಕೆ ತಿಳಿಯದು. ಸಿಲಿಂಡರುಗಳನ್ನು ಒಂದು ಕೋಣೆಯಲ್ಲಿ ಸಾಲಾಗಿ ಜೋಡಿಸಿ, ತಾಮ್ರದ ಕೊಳವೆಗಳ ಮೂಲಕ ವಾರ್ಡುಗಳಿಗೆ ಅನಿಲ ಹರಿಸುವ ಪದ್ಧತಿ ಬಂದ ಮೇಲೆ ಹೊಸ ಗಂಡಾಂತರವೂ ಬಂದಿತು. ಕೆನಡಾದ ನಿಕ್ಕಲ್ ಗಣಿಯ ಊರು ಸಡ್‌ಬರಿ. 1973ರಲ್ಲಿ ಅಲ್ಲಿನ ಆಸ್ಪತ್ರೆಯೊಂದರ ಹೊಸ ವಿಭಾಗದಲ್ಲಿ ಆಮ್ಲಜನಕದ ಮತ್ತು ನೈಟ್ರಸ್ ಆಕ್ಸೈಡಿನ ಕೊಳವೆಗಳು ಅದಲುಬದಲಾಗಿದ್ದವು. ಹೊರಗಿನ ಚೀಟಿ ಸರಿ, ಜೋಡಣೆ ಸರಿ, ಒಳಗಿನ ಅನಿಲ ಬೇರೆ. ತಿಂಗಳುಗಟ್ಟಲೆ ಅದು ಯಾರ ಗಮನಕ್ಕೂ ಬರಲಿಲ್ಲ. ರೋಗಿಯ ಸ್ಥಿತಿ ಕೆಟ್ಟಷ್ಟೂ ವೈದ್ಯರು 'ಆಮ್ಲಜನಕ' ಹೆಚ್ಚಿಸುತ್ತಿದ್ದರೆಂಬುದನ್ನು ಊಹಿಸಿಕೊಂಡಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಕುಳಿತೆ. ಇಪ್ಪತ್ತಕ್ಕೂ ಹೆಚ್ಚು ಸಾವುಗಳೊಂದಿಗೆ ಆ ದುರಂತದ ಹೆಸರು ಸೇರಿಕೊಂಡಿದೆ.

ಪರಿಹಾರ ತಿಳಿಯದ್ದೇನಲ್ಲ. ಒಂದು ಸಲಕ್ಕೆ ಒಂದೇ ಅನಿಲವನ್ನು ಹರಿಸಿ, ಉಳಿದ ಕೊಳವೆಗಳನ್ನು ಬರಿದಾಗಿಟ್ಟು, ಪ್ರತಿಯೊಂದು ಬಾಯಿಯನ್ನೂ ತೆರೆದು ನೋಡಬೇಕು. ಕೊನೆಗೆ ಆಮ್ಲಜನಕಮಾಪಕವನ್ನು ಹಿಡಿದು ಪ್ರಮಾಣ ಅಳೆಯಬೇಕು. ನನ್ನ ಊದುಬತ್ತಿಯ ಪರೀಕ್ಷೆಯ ಸುಧಾರಿತ ರೂಪವೇ ಇದು! ಆದರೂ 2016ರಲ್ಲಿ ಸಿಡ್ನಿಯ ಬ್ಯಾಂಕ್ಸ್‌ಟೌನ್ ಆಸ್ಪತ್ರೆಯಲ್ಲಿ, ಹಿಂದಿನ ವರ್ಷ ಅಳವಡಿಸಿದ್ದ ಆಮ್ಲಜನಕದ ಬಾಯಿಯಿಂದ ನೈಟ್ರಸ್ ಆಕ್ಸೈಡ್ ಹೊರಬಂದು, ಒಂದು ನವಜಾತ ಶಿಶು ತೀರಿಕೊಂಡಿತು. ಇನ್ನೊಂದರ ಮಿದುಳಿಗೆ ಘಾಸಿಯಾಯಿತು. ಮಾಡಬೇಕಾಗಿದ್ದ ಪರೀಕ್ಷೆ ಸರಿಯಾಗಿ ನಡೆದಿರಲಿಲ್ಲ. ಕಾಗದದ ಮೇಲೆ ಮಾತ್ರ ಸಹಿ ಇತ್ತು.

ನಮ್ಮ ನೆನಪುಗಳು ಇನ್ನೂ ಹಸಿಯಾಗಿವೆ. 2021ರ ಏಪ್ರಿಲ್ 21ರಂದು ನಾಸಿಕದಲ್ಲಿ ದ್ರವ ಆಮ್ಲಜನಕದ ತೊಟ್ಟಿ ಸೋರಿ ಕೊಳವೆಯ ಒತ್ತಡ ಕುಸಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಎರಡು ವಾರ ಕಳೆಯುವುದರೊಳಗೆ, ಮೇ 2 ಮತ್ತು 3ರ ನಡುವೆ, ನಮ್ಮ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಅಲ್ಲಿ ಕೊಳವೆ ತಪ್ಪಿರಲಿಲ್ಲ, ಲೆಕ್ಕ ತಪ್ಪಿತ್ತು. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು 7000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಒಬ್ಬ ರೋಗಿಗೆ ಎಷ್ಟು ಗಂಟೆ? ಏಳನೆಯ ತರಗತಿಯ ಭಾಗಾಕಾರ.

ನನ್ನ ಶಿಷ್ಯ ಮರುದಿನ ತನ್ನ ಕೋಣೆಯನ್ನು ತೋರಿಸಿದ. ಎರಡು ಸಾಲು ಸಿಲಿಂಡರುಗಳು, ಪ್ರತಿಯೊಂದಕ್ಕೂ ಸರಪಳಿ. ಒಂದು ಸಾಲು ಮುಗಿಯುತ್ತಲೇ ಇನ್ನೊಂದು ತಾನಾಗಿ ತೆರೆದುಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ. ಕವಾಟವನ್ನು ಅವನು ತೆರೆದದ್ದು ತೀರ ನಿಧಾನವಾಗಿ; ಥಟ್ಟನೆ ತೆರೆದರೆ ಅನಿಲ ಒತ್ತಲ್ಪಟ್ಟು ಒಳಗೇ ಕಾಯುತ್ತದಂತೆ. ಅನಂತರ ವಾರ್ಡಿಗೆ ಬಂದು ಗೋಡೆಯ ಬಾಯಿಗಳಿಗೆ ಮಾಪಕ ಹಿಡಿಯತೊಡಗಿದ.

'ಕೊಳವೆ ನಿನ್ನೆಯದೇ ಅಲ್ಲವೇನಪ್ಪಾ, ಮತ್ತೆ ಯಾಕೆ?' ಎಂದೆ.

'ಬೆಳಿಗ್ಗೆ ಆ ಕಡೆ ಒಂದು ಕವಾಟ ಬದಲಿಸಿದ್ದೇವೆ ಮೇಷ್ಟ್ರೇ' ಎಂದು ಹೇಳಿ, ಮಾಪಕ ತೋರಿಸಿದ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡ. ಅಕ್ಷರ ಮಾತ್ರ ಎಂಟನೆಯ ತರಗತಿಯಲ್ಲಿದ್ದಷ್ಟೇ ಕೆಟ್ಟದಾಗಿತ್ತು. ನಾನು ಏನೂ ಹೇಳಲಿಲ್ಲ.